ಮನೆ ಒಂದು ರಾಜ್ಯದಲ್ಲಿ, ಕಂಪನಿ ಇನ್ನೊಂದರಲ್ಲಿ: ಅಮೆರಿಕದಲ್ಲಿ ತೆರಿಗೆ ಯಾರ ಪಾಲು?

ಅಮೆರಿಕದಲ್ಲಿ ಸಂಬಳಕ್ಕೆ ದುಡಿಯುವವರ ಮನೆಗೆ ಜನವರಿ ಮುಗಿಯುವ ಹೊತ್ತಿಗೆ ಡಬ್ಲ್ಯು-2 ಎಂಬ ಹಾಳೆ ಬರುತ್ತದೆ. ಅದರ ತಳದಲ್ಲಿ 15, 16, 17 ಎಂಬ ಮೂರು ಪುಟ್ಟ ಚೌಕಗಳಿವೆ: ಯಾವ ರಾಜ್ಯ, ಆ ರಾಜ್ಯದ ಲೆಕ್ಕಕ್ಕೆ ಎಷ್ಟು ಸಂಬಳ, ಅದರಲ್ಲಿ ಮುರಿದುಕೊಂಡದ್ದೆಷ್ಟು. ನ್ಯೂಜೆರ್ಸಿಯ ಮನೆಯ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ವರ್ಷವಿಡೀ ದುಡಿದ ಮೇಲೆ ನನಗೆ ಬಂದ ಹಾಳೆಯ 15ನೇ ಚೌಕದಲ್ಲಿ ನ್ಯೂಯಾರ್ಕ್ ಎಂದಿತ್ತು. ನಾನು ಮ್ಯಾನ್‌ಹ್ಯಾಟನ್ನಿನ ಕಚೇರಿಗೆ ಹೋಗುತ್ತಿದ್ದುದು ತಿಂಗಳಿಗೆ ಎರಡು ದಿನ ಮಾತ್ರ. ತಪ್ಪಾಗಿದೆ ಎಂದು ಸಂಬಳ ವಿಭಾಗಕ್ಕೆ ಖಾರವಾಗಿಯೇ ಬರೆದೆ. ಅವರು ಸರಿಯಾಗಿಯೇ ಮಾಡಿದ್ದರು. ನಿಯಮ ಗೊತ್ತಿಲ್ಲದವನು ನಾನು.

ಆಮೇಲೆ ಇದನ್ನು ಕೂತು ಓದಿದೆ. ಯಾವ ರಾಜ್ಯದಲ್ಲಿ ಮನೆ ಮಾಡಬೇಕು, ಯಾವ ಊರಿನ ಕೆಲಸ ಒಪ್ಪಬೇಕು ಎಂದು ತೂಗುತ್ತಿರುವವರಿಗೆ ಉಪಯೋಗಕ್ಕೆ ಬರಬಹುದೆಂದು ಬರೆಯುತ್ತಿದ್ದೇನೆ. ಬಹುತೇಕರು ಮೊದಲು ಕೇಳುವುದು ಎಲ್ಲಿ ದರ ಕಡಿಮೆ ಎಂದು. ನನ್ನ ಪ್ರಕಾರ ಅದು ಮೂರನೆಯ ಪ್ರಶ್ನೆ. ಕಂಪನಿಯ ದಾಖಲೆಯಲ್ಲಿ ನಿಮ್ಮ ಮುಖ್ಯ ಕಚೇರಿ, ಅಂದರೆ ನಿಮ್ಮನ್ನು ಹಚ್ಚಿರುವ ಕಚೇರಿ, ಯಾವ ರಾಜ್ಯದಲ್ಲಿದೆ ಎಂಬುದು ಮೊದಲನೆಯದು. ಆ ರಾಜ್ಯ ದಿನಗಳನ್ನು ಹೇಗೆ ಎಣಿಸುತ್ತದೆ ಎಂಬುದು ಎರಡನೆಯದು.

ಎರಡು ಕೈಗಳು, ಒಂದು ಸಂಬಳ

ರಾಜ್ಯಗಳು ತೆರಿಗೆ ಕೇಳುವುದು ಎರಡು ಹಕ್ಕುಗಳ ಮೇಲೆ. ನೀವು ಅಲ್ಲಿನ ನಿವಾಸಿಯಾದರೆ, ಎಲ್ಲಿ ದುಡಿದರೂ ಪೂರ್ತಿ ಆದಾಯದ ಮೇಲೆ. ನಿವಾಸಿಯಲ್ಲದಿದ್ದರೆ, ಆ ರಾಜ್ಯದ ನೆಲದ ಮೇಲೆ ದುಡಿದಷ್ಟರ ಮೇಲೆ. ಒಂದೇ ಸಂಬಳಕ್ಕೆ ಎರಡು ರಾಜ್ಯಗಳು ಕೈಚಾಚಿದಾಗ, ಹೊರಗಿನ ರಾಜ್ಯಕ್ಕೆ ಕಟ್ಟಿದ್ದನ್ನು ಮನೆಯಿರುವ ರಾಜ್ಯ ತನ್ನ ತೆರಿಗೆಯಿಂದ ಕಳೆಯಲು ಬಿಡುತ್ತದೆ. ಇದಕ್ಕೆ ಕ್ರೆಡಿಟ್ ಎನ್ನುತ್ತಾರೆ. ಮೇರಿಲ್ಯಾಂಡ್ ತನ್ನ ಕೌಂಟಿ (ಜಿಲ್ಲೆ) ತೆರಿಗೆಗೆ ಈ ಕ್ರೆಡಿಟ್ ಕೊಡುವುದಿಲ್ಲವೆಂದು ಹಟ ಹಿಡಿದಿತ್ತು. 2015ರಲ್ಲಿ ವಿನ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆ ಪದ್ಧತಿಯನ್ನು ಸಂವಿಧಾನಬಾಹಿರ ಎಂದಿತು.

ಕ್ರೆಡಿಟ್‌ಗೆ ಒಂದು ಮಿತಿಯಿದೆ. ಅದೇ ಆದಾಯದ ಮೇಲೆ ಮನೆಯ ರಾಜ್ಯ ತಾನು ಹಾಕುತ್ತಿದ್ದ ತೆರಿಗೆಗಿಂತ ಹೆಚ್ಚನ್ನು ಕಳೆಯುವಂತಿಲ್ಲ. ಹಾಗಾಗಿ ಕೊನೆಗೆ ನಿಮ್ಮ ಜೇಬಿನಿಂದ ಹೋಗುವುದು ಎರಡರಲ್ಲಿ ಯಾವುದು ದೊಡ್ಡದೋ ಅದು. ಈ ಒಂದು ಸಂಗತಿ ನೆನಪಿದ್ದರೆ ಮುಂದಿನ ಲೆಕ್ಕವೆಲ್ಲ ತಾನಾಗಿಯೇ ಬಿಡಿಸಿಕೊಳ್ಳುತ್ತದೆ.

ತೊಡಕು ಇರುವುದು ‘ನೆಲದ ಮೇಲೆ ದುಡಿದಷ್ಟು’ ಎಂಬ ಮಾತಿನಲ್ಲಿ. ಹೆಚ್ಚಿನ ರಾಜ್ಯಗಳಿಗೆ ಅದರ ಅರ್ಥ ನಿಮ್ಮ ದೇಹ ಎಲ್ಲಿತ್ತು ಎಂಬುದಷ್ಟೆ. ನ್ಯೂಯಾರ್ಕಿಗೆ ಹಾಗಲ್ಲ. ನಿಮ್ಮ ಮುಖ್ಯ ಕಚೇರಿ ಅಲ್ಲಿದ್ದು, ನೀವು ಹೊರ ರಾಜ್ಯದ ಮನೆಯಲ್ಲಿ ಕೂತು ಕೆಲಸ ಮಾಡಿದರೆ, ಅದು ಕಂಪನಿಯ ಅಗತ್ಯಕ್ಕೋ ನಿಮ್ಮ ಅನುಕೂಲಕ್ಕೋ ಎಂದು ಅದು ಕೇಳುತ್ತದೆ. ಅನುಕೂಲಕ್ಕೆ ಎಂದಾದರೆ ಆ ದಿನವೂ ನ್ಯೂಯಾರ್ಕಿನ ದಿನವೇ. ಕನ್ವೀನಿಯನ್ಸ್ ನಿಯಮ ಎಂದು ಇದಕ್ಕೆ ಹೆಸರು. ಪೆನ್ಸಿಲ್ವೇನಿಯಾ, ಡೆಲಾವೇರ್, ನೆಬ್ರಾಸ್ಕಾಗಳಲ್ಲೂ ಇದರ ಒಂದೊಂದು ರೂಪವಿದೆ. ಆದರೆ ಹಟದಲ್ಲಿ ನ್ಯೂಯಾರ್ಕಿಗೆ ಸಾಟಿಯಿಲ್ಲ. ಕನೆಕ್ಟಿಕಟ್‌ನಲ್ಲಿ ಮನೆ ಮಾಡಿಕೊಂಡು ನ್ಯೂಯಾರ್ಕಿನ ಕಾರ್ಡೋಜೋ ಕಾನೂನು ಕಾಲೇಜಿನಲ್ಲಿ ಪಾಠ ಹೇಳುವ ಪ್ರಾಧ್ಯಾಪಕ ಎಡ್ವರ್ಡ್ ಜೆಲಿನ್‌ಸ್ಕಿ ಈ ನಿಯಮವನ್ನು ಪ್ರಶ್ನಿಸಿ 2003ರಲ್ಲಿ ಸೋತರು. ಕೋವಿಡ್ ವರ್ಷದ ಲೆಕ್ಕ ಹಿಡಿದು ಮತ್ತೆ ಹೋರಾಡಿ, 2025ರಲ್ಲಿ ತೆರಿಗೆ ಮೇಲ್ಮನವಿ ಮಂಡಳಿಯ ಮುಂದೆ ಮತ್ತೆ ಸೋತರು. ತೆರಿಗೆ ಕಾನೂನನ್ನೇ ಪಾಠ ಹೇಳುವವರ ಗತಿ ಇದು.

ಒಬ್ಬನೇ ಮನುಷ್ಯ, ನಾಲ್ಕು ಮನೆ

ಹೋಲಿಕೆಗೆ ಒಬ್ಬನನ್ನು ಇಟ್ಟುಕೊಳ್ಳೋಣ. ಮದುವೆಯಾಗಿಲ್ಲ, ಸಂಬಳ ಒಂದೂವರೆ ಲಕ್ಷ ಡಾಲರ್, ಬೇರೆ ಆದಾಯವಿಲ್ಲ, ಮಾಮೂಲಿ ಸ್ಟ್ಯಾಂಡರ್ಡ್ ಡಿಡಕ್ಷನ್. ಮುಖ್ಯ ಕಚೇರಿ ಮ್ಯಾನ್‌ಹ್ಯಾಟನ್, ಕೆಲಸ ಬಹುಪಾಲು ಮನೆಯಿಂದ. 2024ರ ದರಗಳ ಪ್ರಕಾರ ಪೂರ್ತಿ ಸಂಬಳದ ಮೇಲೆ ನ್ಯೂಯಾರ್ಕ್ ರಾಜ್ಯದ ತೆರಿಗೆ ಸುಮಾರು 8,400 ಡಾಲರ್.

ಇವನ ಮನೆ ನ್ಯೂಯಾರ್ಕ್ ನಗರದ ಬ್ರೂಕ್ಲಿನ್‌ನಲ್ಲಿದ್ದರೆ ನಗರ ತೆರಿಗೆ ಬೇರೆ ಸೇರುತ್ತದೆ. ಅದರ ದರ 3.078ರಿಂದ 3.876 ಶೇಕಡಾ, ಇವನ ಮಟ್ಟಿಗೆ 5,300 ಡಾಲರ್ ಮೀರುತ್ತದೆ. ಈ ನಗರ ತೆರಿಗೆ ನಿವಾಸಿಗಳಿಗೆ ಮಾತ್ರ. ಹೊರಗಿನಿಂದ ಬಂದು ಹೋಗುವವರ ಮೇಲಿದ್ದ ಕಮ್ಯೂಟರ್ ತೆರಿಗೆ 1999ರಲ್ಲೇ ರದ್ದಾಯಿತು.

ಹಡ್ಸನ್ ನದಿ ದಾಟಿ ಜರ್ಸಿ ಸಿಟಿಗೋ ಎಡಿಸನ್‌ಗೋ ಬಂದರೆ ಆ 5,300 ಪೂರ್ತಿ ಉಳಿಯುತ್ತದೆ. ರಾಜ್ಯದ 8,400 ಮಾತ್ರ ನ್ಯೂಯಾರ್ಕಿಗೇ ಹೋಗುತ್ತದೆ. ನ್ಯೂಜೆರ್ಸಿ ತಾನೇ ಹಾಕುತ್ತಿದ್ದ ತೆರಿಗೆ ಸುಮಾರು 7,400. ಅಷ್ಟೂ ಕ್ರೆಡಿಟ್‌ನಲ್ಲಿ ಕರಗಿ ಸೊನ್ನೆಯಾಗುತ್ತದೆ. ಅಂದರೆ ಕನ್ವೀನಿಯನ್ಸ್ ನಿಯಮದಿಂದ ಇವನಿಗೆ ಆಗುವ ನಷ್ಟ ವರ್ಷಕ್ಕೆ ಸಾವಿರ ಡಾಲರ್. ನಿಜವಾದ ಹೊಡೆತ ನ್ಯೂಜೆರ್ಸಿಯ ಖಜಾನೆಗೆ. ಅದಕ್ಕೇ ನ್ಯೂಜೆರ್ಸಿ 2023ರಲ್ಲಿ ತಾನೂ ಒಂದು ಕಾನೂನು ಮಾಡಿತು: ಯಾವ ರಾಜ್ಯ ತನ್ನ ಜನರ ಮೇಲೆ ಈ ನಿಯಮ ಹೇರುತ್ತದೋ, ಆ ರಾಜ್ಯದಲ್ಲಿ ಮನೆಯಿದ್ದು ನ್ಯೂಜೆರ್ಸಿ ಕಂಪನಿಗೆ ದುಡಿಯುವವರ ಮೇಲೆ ತಾನೂ ಅದನ್ನೇ ಹೇರುತ್ತದೆ. ಕನೆಕ್ಟಿಕಟ್‌ನದೂ ಇದೇ ದಾರಿ. ನ್ಯೂಯಾರ್ಕಿನ ರಾಜಧಾನಿ ಆಲ್ಬನಿಯ ಶಾಸಕರ ಮೇಲಿನ ಸಿಟ್ಟು ಕ್ವೀನ್ಸ್‌ನಲ್ಲಿರುವ ಯಾವನೋ ಪ್ರೋಗ್ರಾಮರ್‌ನ ಮೇಲೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ನ್ಯೂಯಾರ್ಕಿನ ಈ ವಸೂಲಿಯನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿ ಗೆದ್ದ ನಿವಾಸಿಗೆ ಬಹುಮಾನದಂತೆ ಒಂದು ಕ್ರೆಡಿಟ್ಟನ್ನೂ ನ್ಯೂಜೆರ್ಸಿ ಘೋಷಿಸಿದೆ. ಮನೆ ಕೊಳ್ಳುವವರು ಮಾತ್ರ ನ್ಯೂಜೆರ್ಸಿಯ ಆಸ್ತಿ ತೆರಿಗೆಯನ್ನು ಬೇರೆಯಾಗಿ ತೂಗಿ ನೋಡಬೇಕು. ಅದು ದೇಶದಲ್ಲೇ ಅತಿ ಭಾರವಾದವುಗಳಲ್ಲಿ ಒಂದು.

ಇನ್ನೂ ಪಶ್ಚಿಮಕ್ಕೆ, ಪೆನ್ಸಿಲ್ವೇನಿಯಾಕ್ಕೆ ಹೋದರೆ ದರ 3.07 ಶೇಕಡಾ, ಎಲ್ಲರಿಗೂ ಒಂದೇ. ಇವನ ಸಂಬಳಕ್ಕೆ 4,605 ಡಾಲರ್. ಬಹಳ ಜನ ಈ ಅಂಕಿ ನೋಡಿಯೇ ಮನೆ ಕೊಳ್ಳುತ್ತಾರೆ. ಕಚೇರಿ ನ್ಯೂಯಾರ್ಕಿನಲ್ಲೇ ಉಳಿದರೆ ‘ಯಾವುದು ದೊಡ್ಡದೋ ಅದು’ ಎಂಬ ಸೂತ್ರ ಬಿಡುವುದಿಲ್ಲ. ಕಟ್ಟುವುದು ಮತ್ತೆ 8,400.

ನಾಲ್ಕನೆಯ ಮನೆ ಟೆಕ್ಸಸ್‌ನದು. ಸಂಬಳದ ಮೇಲೆ ರಾಜ್ಯ ತೆರಿಗೆಯೇ ಇಲ್ಲದ ರಾಜ್ಯಗಳು ಒಂಬತ್ತು: ಅಲಾಸ್ಕಾ, ಫ್ಲಾರಿಡಾ, ನೆವಾಡಾ, ನ್ಯೂ ಹ್ಯಾಂಪ್‌ಶೈರ್, ಸೌತ್ ಡಕೋಟಾ, ಟೆನೆಸ್ಸಿ, ಟೆಕ್ಸಸ್, ವಾಷಿಂಗ್ಟನ್, ವಯೋಮಿಂಗ್. ಡಲ್ಲಾಸ್‌ನಲ್ಲಿ ಕೂತು ನ್ಯೂಯಾರ್ಕ್ ಸಂಬಳ ಎಣಿಸಬಹುದು ಎಂಬ ಆಸೆ ಹುಟ್ಟುವುದು ಸಹಜ. ಕನ್ವೀನಿಯನ್ಸ್ ನಿಯಮ ಅತಿ ಜೋರಾಗಿ ಬಡಿಯುವುದು ಇಲ್ಲಿಯೇ. ಮನೆಯ ರಾಜ್ಯದಲ್ಲಿ ತೆರಿಗೆಯೇ ಇಲ್ಲದ ಮೇಲೆ ಕ್ರೆಡಿಟ್ ಕಳೆಯುವುದು ಯಾವುದರಿಂದ? ಸೊನ್ನೆ ಆಗಬೇಕಿದ್ದದ್ದು 8,400 ಆಗುತ್ತದೆ. ಟೆನೆಸ್ಸಿಯಲ್ಲಿದ್ದ ಹಕಬಿ ಎಂಬ ಪ್ರೋಗ್ರಾಮರ್‌ಗೆ ಆದದ್ದು ಇದೇ. ವರ್ಷದಲ್ಲಿ ಸುಮಾರು ಕಾಲು ಭಾಗದ ದಿನಗಳನ್ನು ಮಾತ್ರ ಅವರು ನ್ಯೂಯಾರ್ಕಿನಲ್ಲಿ ಕಳೆಯುತ್ತಿದ್ದರು, ಮಿಕ್ಕದ್ದು ನ್ಯಾಶ್‌ವಿಲ್ ಮನೆಯಿಂದ. ಪೂರ್ತಿ ಸಂಬಳಕ್ಕೆ ನ್ಯೂಯಾರ್ಕ್ ತೆರಿಗೆ ಹಾಕಿತು. 2005ರಲ್ಲಿ ರಾಜ್ಯದ ಅತ್ಯುನ್ನತ ನ್ಯಾಯಾಲಯದಲ್ಲಿ ನಾಲ್ಕು–ಮೂರರ ಅಂತರದಲ್ಲಿ ಅವರು ಸೋತರು. ಸುಪ್ರೀಂ ಕೋರ್ಟ್ ಪ್ರಕರಣವನ್ನು ಕೈಗೆತ್ತಿಕೊಳ್ಳಲಿಲ್ಲ.

ಒಂದು ಸೂಕ್ಷ್ಮವಿದೆ. ನಿಯಮದ ಪದಗಳು ನ್ಯೂಯಾರ್ಕಿನ ಒಳಗೂ ಹೊರಗೂ ಕೆಲಸ ಮಾಡುವ ನೌಕರನನ್ನು ಕುರಿತವು. ವರ್ಷವಿಡೀ ಆ ರಾಜ್ಯಕ್ಕೆ ಕಾಲಿಡದೆ ದುಡಿದವನ ವಾದ ಗಟ್ಟಿ. ಮೂರು ತಿಂಗಳಿಗೊಮ್ಮೆ ಸಭೆಗೆ ಹೋಗಿಬರುವವನ ವಾದ ಸಡಿಲ. ಟೆಕ್ಸಸ್‌ಗೆ ಹೋಗುವವರು ಈ ಸಭೆಗಳ ಬಗ್ಗೆ ಮೊದಲೇ ಯೋಚಿಸಬೇಕು.

ಮನೆಯ ಮುಂದೆ ಬೋರ್ಡು

ಹಾಗಾದರೆ ಮನೆಯ ಕೋಣೆಯನ್ನೇ ಕಂಪನಿಯ ಕಚೇರಿ ಎಂದು ಒಪ್ಪಿಸಬಹುದೇ? ಕಾಗದದ ಮೇಲೆ ದಾರಿಯಿದೆ. ನ್ಯೂಯಾರ್ಕ್ 2006ರಲ್ಲಿ ಹೊರಡಿಸಿದ ಸೂಚನೆಯಲ್ಲಿ ಒಂದು ಮುಖ್ಯ ಲಕ್ಷಣ, ಕೆಲವು ಎರಡನೆಯ ದರ್ಜೆಯವು, ಉಳಿದ ಹಲವು ಇತರೆ ಎಂದು ವಿಂಗಡಿಸಿದ್ದಾರೆ. ಕೆಲಸಕ್ಕೆ ಬೇಕಾದ ವಿಶೇಷ ಸೌಲಭ್ಯ ನಿಮ್ಮ ಮನೆಯ ಬಳಿಯೇ ಇದ್ದರೆ ಮುಖ್ಯ ಲಕ್ಷಣ ಸಿಕ್ಕಂತೆ. ಅವರೇ ಕೊಡುವ ಉದಾಹರಣೆ, ಹೊಸ ಕಾರುಗಳನ್ನು ಓಡಿಸಿ ಪರೀಕ್ಷಿಸುವ ಟ್ರ್ಯಾಕ್. ಲ್ಯಾಪ್‌ಟಾಪ್ ಹಿಡಿದವನಿಗೆ ಟ್ರ್ಯಾಕ್ ಎಲ್ಲಿಂದ ಬರಬೇಕು? ಅದು ಇಲ್ಲದಿದ್ದರೆ ಎರಡನೆಯ ದರ್ಜೆಯಲ್ಲಿ ನಾಲ್ಕು, ಇತರೆಯಲ್ಲಿ ಮೂರು ಲಕ್ಷಣಗಳಾದರೂ ಕೂಡಬೇಕು. ಮನೆಯಿಂದ ಕೆಲಸ ಮಾಡುವುದು ನೇಮಕಾತಿಯ ಷರತ್ತೇ ಆಗಿರುವುದು, ಕಂಪನಿ ನಿಮಗೆಂದು ಬೇರೆ ಮೇಜು ಇಡದಿರುವುದು, ಮನೆಯ ಕಚೇರಿಯ ಖರ್ಚನ್ನು ಕಂಪನಿ ಭರಿಸುವುದು, ಗ್ರಾಹಕರು ಮನೆಗೇ ಬರುವುದು, ಇಂಥವು. ಇತರೆ ಪಟ್ಟಿಯಲ್ಲಿ ಮನೆಯ ಹೊರಗೆ ಕಂಪನಿಯ ಬೋರ್ಡು ತೂಗುಹಾಕುವುದೂ ಒಂದು. ಬಾಲ್ಕನಿಯಲ್ಲಿ ತುಳಸಿ ಕುಂಡ ಇಟ್ಟದ್ದಕ್ಕೇ ನೋಟಿಸು ಕೊಡುವ ನಮ್ಮ ಅಪಾರ್ಟ್‌ಮೆಂಟಿನ ಸಂಘ ಬೋರ್ಡು ನೋಡಿದರೆ ಏನು ಮಾಡೀತೆಂದು ಊಹಿಸಿಯೇ ನಾನು ಈ ದಾರಿ ಬಿಟ್ಟೆ.

ಇದಕ್ಕಿಂತ ಸುಲಭವಾದದ್ದು, ಕಂಪನಿಗೆ ಬೇರೆ ರಾಜ್ಯದಲ್ಲಿ ನಿಜವಾದ ಶಾಖೆಯಿದ್ದರೆ ನಿಮ್ಮನ್ನು ಅಲ್ಲಿಗೆ ಹಚ್ಚಲು ಕೇಳುವುದು. ಮುಖ್ಯ ಕಚೇರಿ ನ್ಯೂಜೆರ್ಸಿ ಎಂದಾದರೆ, 240 ಕೆಲಸದ ದಿನಗಳಲ್ಲಿ 24 ದಿನ ಮ್ಯಾನ್‌ಹ್ಯಾಟನ್‌ಗೆ ಹೋದವನು ಹತ್ತನೇ ಒಂದು ಪಾಲಿಗೆ ಮಾತ್ರ ನ್ಯೂಯಾರ್ಕಿಗೆ ಬಾಧ್ಯ. ನ್ಯೂಜೆರ್ಸಿಯವನಿಗೆ ಇದರಿಂದ ಉಳಿಯುವುದು ಸಾವಿರಕ್ಕೆ ಕೊಂಚ ಕಡಿಮೆ. ಅದೇ ಬದಲಾವಣೆ ಡಲ್ಲಾಸ್ ಶಾಖೆಯ ಹೆಸರಿನಲ್ಲಿ ಆದರೆ ಉಳಿಯುವುದು ಏಳೂವರೆ ಸಾವಿರ. ಹಾಗಾಗಿ ಟೆಕ್ಸಸ್‌ಗೆ ಹೋಗುವವರು ಮನೆ ಹುಡುಕುವ ಮೊದಲೇ ಈ ಮಾತನ್ನು ಬರವಣಿಗೆಯಲ್ಲಿ ಪಡೆಯಬೇಕು. ‘ಆಮೇಲೆ ನೋಡೋಣ’ ಎಂಬ ಮ್ಯಾನೇಜರನ ಮಾತಿಗೆ ತೆರಿಗೆ ಇಲಾಖೆಯಲ್ಲಿ ಬೆಲೆಯಿಲ್ಲ.

ಬಾಸ್ಟನ್ ಕಚೇರಿ, ನ್ಯಾಶುವಾ ಮನೆ

ಮ್ಯಾಸಚೂಸೆಟ್ಸ್ ಕೋವಿಡ್ ಕಾಲದಲ್ಲಿ ನ್ಯೂಯಾರ್ಕಿನ ಚಾಳಿ ಹಿಡಿದು, ಮೊದಲು ಬಾಸ್ಟನ್‌ಗೆ ಬರುತ್ತಿದ್ದವರು ಮನೆಯಲ್ಲಿ ಕೂತರೂ ತೆರಿಗೆ ಕೇಳಿತು. ನ್ಯೂ ಹ್ಯಾಂಪ್‌ಶೈರ್ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋಯಿತು; 2021ರ ಜೂನ್‌ನಲ್ಲಿ ಕೋರ್ಟ್ ಆ ದಾವೆಯನ್ನು ಆಲಿಸಲು ಒಪ್ಪಲಿಲ್ಲ. ಅದೇ ವರ್ಷ ಆ ತಾತ್ಕಾಲಿಕ ನಿಯಮವೂ ಮುಗಿಯಿತು. ಈಗ ಅಲ್ಲಿ ಕಾಲಿಟ್ಟು ದುಡಿದ ದಿನಗಳಷ್ಟೇ ಲೆಕ್ಕ. ನಮ್ಮ ಒಂದೂವರೆ ಲಕ್ಷದವನು ನ್ಯೂ ಹ್ಯಾಂಪ್‌ಶೈರಿನ ನ್ಯಾಶುವಾದಲ್ಲಿದ್ದು ವಾರಕ್ಕೆ ಎರಡು ದಿನ ಬಾಸ್ಟನ್‌ಗೆ ಹೋದರೆ, 60,000 ಡಾಲರ್ ಮೇಲೆ 5 ಶೇಕಡಾ, ಹೆಚ್ಚೆಂದರೆ 3,000. ಹೋಗದೇ ಇದ್ದರೆ ಸೊನ್ನೆ. ತೆರಿಗೆಯನ್ನಷ್ಟೇ ನೋಡಿದರೆ ಈಶಾನ್ಯದ ಜೋಡಿಗಳಲ್ಲಿ ನನಗೆ ಇದೇ ಮೇಲು. ಹಿಮ ಗುಡಿಸುವ ಕೂಲಿ ಈ ಲೆಕ್ಕದಲ್ಲಿಲ್ಲ.

ಕ್ಯಾಲಿಫೋರ್ನಿಯಾ ಬಿಟ್ಟರೂ ಬಿಡದ ಷೇರು

ತೆರಿಗೆಯ ಮಾತು ಬಂದರೆ ಎಲ್ಲರೂ ಬೈಯುವುದು ಕ್ಯಾಲಿಫೋರ್ನಿಯಾವನ್ನು. ತುದಿಯ ದರ 13.3 ಶೇಕಡಾ. ಆದರೆ ದೂರದಿಂದ ದುಡಿಯುವವನ ಸಂಬಳದ ಮಟ್ಟಿಗೆ ಅದು ನ್ಯೂಯಾರ್ಕಿಗಿಂತ ಎಷ್ಟೋ ನ್ಯಾಯವಾಗಿದೆ. ಕೆಲಸ ಎಲ್ಲಿ ನಡೆಯಿತೋ ಸಂಬಳ ಅಲ್ಲಿಯದು. ಅಲ್ಲಿನ ಸನಿವೇಲ್ ಊರಿನ ಕಂಪನಿಗೆ ಟೆಕ್ಸಸ್‌ನ ಆಸ್ಟಿನ್ ಮನೆಯಿಂದ ದುಡಿದರೆ ಸಂಬಳದ ಮೇಲೆ ಕ್ಯಾಲಿಫೋರ್ನಿಯಾಕ್ಕೆ ಏನೂ ಇಲ್ಲ. ಕಚೇರಿಗೆ ಬಂದು ಕೂತ ವಾರಗಳಿಗೆ ಮಾತ್ರ ಇದೆ.

ಬಾಲ ಉಳಿಯುವುದು ಕಂಪನಿ ಸಂಬಳದ ಜೊತೆಗೆ ಕೊಟ್ಟು ಕಂತುಕಂತಾಗಿ ಕೈಗೆ ಬರುವ ಆರ್‌ಎಸ್‌ಯು ಎಂಬ ಷೇರುಗಳಲ್ಲಿ. ಷೇರು ಕೊಟ್ಟ ದಿನದಿಂದ ಅದು ಕೈಗೆ ಬರುವ ದಿನದವರೆಗೆ ನೀವು ಎಲ್ಲೆಲ್ಲಿ ದುಡಿದಿರಿ ಎಂಬ ಅನುಪಾತದಲ್ಲಿ ಆದಾಯ ಹಂಚಿಹೋಗುತ್ತದೆ. ಪ್ರತಿ ಕಂತಿಗೂ ಬೇರೆ ಲೆಕ್ಕ. ಒಂದು ಕಂತಿನ ಅವಧಿಯಲ್ಲಿ 1,000 ಕೆಲಸದ ದಿನಗಳಿದ್ದು, ಅದರಲ್ಲಿ 600 ಕ್ಯಾಲಿಫೋರ್ನಿಯಾದಲ್ಲಿ ಕಳೆದಿದ್ದರೆ, ಕೈಗೆ ಬಂದ 20,000 ಡಾಲರ್ ಮೌಲ್ಯದಲ್ಲಿ 12,000 ಕ್ಯಾಲಿಫೋರ್ನಿಯಾದ ಆದಾಯ. ಆಗ ನೀವು ಆಸ್ಟಿನ್‌ನಲ್ಲಿ ಎರಡು ಬೇಸಿಗೆ ಕಳೆದಿದ್ದರೂ ಅಷ್ಟೆ. ಊರು ಬಿಟ್ಟ ಮೇಲೂ ಎರಡು–ಮೂರು ವರ್ಷ ಅಲ್ಲಿಗೆ ಅನಿವಾಸಿಯ ರಿಟರ್ನ್ ಸಲ್ಲಿಸುವುದು ಇದರಿಂದಲೇ. ಷೇರು ಹೆಚ್ಚಾಗಿ ಇರುವವರು ಹೊಸ ಕಂತು ಘೋಷಣೆಯಾಗುವ ಮೊದಲೇ ಜಾಗ ಬದಲಿಸಿದರೆ ಆ ಕಂತಿನಲ್ಲಿ ಕ್ಯಾಲಿಫೋರ್ನಿಯಾದ ಪಾಲೇ ಇರುವುದಿಲ್ಲ.

ಪಕ್ಕದ ರಾಜ್ಯಗಳ ಒಪ್ಪಂದ

ಕೆಲವು ನೆರೆಹೊರೆಯ ರಾಜ್ಯಗಳು ತಮ್ಮತಮ್ಮಲ್ಲಿ ರಾಜಿಯಾಗಿ, ಸಂಬಳದ ತೆರಿಗೆಯನ್ನು ಮನೆಯಿರುವ ಕಡೆಯೇ ಕಟ್ಟಿ ಸಾಕು ಎಂದಿವೆ. ನ್ಯೂಜೆರ್ಸಿ–ಪೆನ್ಸಿಲ್ವೇನಿಯಾ ಒಂದು ಜೋಡಿ. ಪೆನ್ಸಿಲ್ವೇನಿಯಾದ ಬಕ್ಸ್ ಕೌಂಟಿಯಲ್ಲಿ ಮನೆ, ನ್ಯೂಜೆರ್ಸಿಯ, ಪ್ರಿನ್ಸ್‌ಟನ್‌ನಲ್ಲಿ ಕಂಪನಿ ಇದ್ದವನು ಎನ್‌ಜೆ-165 ಎಂಬ ಅರ್ಜಿಯನ್ನು ಕಂಪನಿಗೆ ಕೊಟ್ಟರೆ ಆಯಿತು, 3.07 ಶೇಕಡಾ ಮತ್ತು ಬಹುತೇಕ ಊರುಗಳಲ್ಲಿರುವ ಸ್ಥಳೀಯ ಆದಾಯ ತೆರಿಗೆ ಕಟ್ಟಿ ಮುಗಿಸುತ್ತಾನೆ. ಮನೆಯಿಂದ ಎಷ್ಟು ದಿನ, ಕಚೇರಿಯಿಂದ ಎಷ್ಟು ದಿನ ಎಂಬ ಗೋಜೇ ಇಲ್ಲ. ವರ್ಜೀನಿಯಾ, ಮೇರಿಲ್ಯಾಂಡ್, ವಾಷಿಂಗ್ಟನ್ ಡಿ.ಸಿ. ನಡುವೆಯೂ ಹೀಗೆಯೇ. ಇಲಿನಾಯ್, ವಿಸ್ಕಾನ್ಸಿನ್, ಮಿಷಿಗನ್, ಇಂಡಿಯಾನಾಗಳ ಕಡೆಯೂ ಇಂಥ ಒಪ್ಪಂದಗಳ ಬಲೆಯಿದೆ. ನ್ಯೂಯಾರ್ಕ್ ಇಂಥ ಒಂದರಲ್ಲೂ ಇಲ್ಲ.

ಫಿಲಡೆಲ್ಫಿಯಾ ನಗರದ ವೇತನ ತೆರಿಗೆಗೆ ಈ ಒಪ್ಪಂದ ತಾಗುವುದಿಲ್ಲ. ನಗರದ ಹೊರಗಿನಿಂದ ಬರುವವರಿಗೂ ಅದು ಮೂರೂವರೆ ಶೇಕಡಾದ ಹತ್ತಿರವಿದೆ. ಹೊರಗೆ ಮನೆಯಿದ್ದು, ಕಂಪನಿಯೇ ಮನೆಯಿಂದ ಕೆಲಸ ಮಾಡಲು ಕಡ್ಡಾಯ ಮಾಡಿದ್ದರೆ ಆ ದಿನಗಳಿಗೆ ಅದು ಬರುವುದಿಲ್ಲ. ನೀವೇ ಆರಿಸಿಕೊಂಡಿದ್ದರೆ ಬರುತ್ತದೆ. ಕಂಪನಿಯ ಪತ್ರದಲ್ಲಿ ಯಾವ ಕ್ರಿಯಾಪದವಿದೆ ನೋಡಿಕೊಳ್ಳಿ.

ವೀಸಾ, ಮತ್ತು ಊರಿಗೆ ಹೋದ ದಿನಗಳು

ಎಚ್-1ಬಿ ವೀಸಾದಲ್ಲಿರುವವರಿಗೆ ಮೇಲಿನ ಎಲ್ಲಕ್ಕಿಂತ ಮುಂಚೆ ಇನ್ನೊಂದು ಬಾಗಿಲು ದಾಟಬೇಕು. ಮನೆಯಿಂದ ಕೆಲಸ ಮಾಡಿದರೆ ಮನೆಯ ವಿಳಾಸವೇ ಕೆಲಸದ ಸ್ಥಳ. ಅರ್ಜಿಯಲ್ಲಿ ಹೇಳಿದ ಮಹಾನಗರ ಪ್ರದೇಶದ ಆಚೆಗೆ ಹೋಗುವುದಾದರೆ ಹೊಸ ಎಲ್‌ಸಿಎ (ಸಂಬಳ, ಕೆಲಸದ ಷರತ್ತುಗಳ ಬಗ್ಗೆ ಕಾರ್ಮಿಕ ಇಲಾಖೆಯ ಒಪ್ಪಿಗೆ) ಪಡೆದು ತಿದ್ದುಪಡಿ ಅರ್ಜಿ ಹಾಕಬೇಕು ಎಂದು 2015ರ ಸಿಮಿಯೊ ಪ್ರಕರಣದಲ್ಲಿ ಇತ್ಯರ್ಥವಾಗಿದೆ. ಬ್ರೂಕ್ಲಿನ್‌ನಿಂದ ಜರ್ಸಿ ಸಿಟಿಗೆ ಬಂದರೆ ಪ್ರದೇಶ ಒಂದೇ. ಆಸ್ಟಿನ್‌ಗೆ ಹೋದರೆ ಅಲ್ಲ. ತೆರಿಗೆ ತಪ್ಪಿದರೆ ಬಡ್ಡಿ ಸಮೇತ ಕಟ್ಟಬಹುದು. ವೀಸಾ ತಪ್ಪಿದರೆ ಕಟ್ಟಲು ಏನೂ ಇರುವುದಿಲ್ಲ.

ಅಪ್ಪ ಅಮ್ಮನನ್ನು ನೋಡಲು ಮೈಸೂರಿಗೆ ಹೋಗಿ, ರಜೆ ಉಳಿಸಲು ಮೂರು ವಾರ ಅಲ್ಲಿಂದಲೇ ಕೆಲಸ ಮಾಡುವವರಿಗೂ ಒಂದು ಮಾತು. ಕುವೆಂಪುನಗರದ ಮಹಡಿಯ ಮೇಲೆ ರಾತ್ರಿ ಎರಡು ಗಂಟೆಗೆ ಸೊಳ್ಳೆಬತ್ತಿ ಹಚ್ಚಿಕೊಂಡು ಮಾಡಿದ ಕೆಲಸವೂ, ಮುಖ್ಯ ಕಚೇರಿ ಮ್ಯಾನ್‌ಹ್ಯಾಟನ್ ಆಗಿದ್ದರೆ, ನ್ಯೂಯಾರ್ಕಿನ ದಿನವೇ. ಅನುಕೂಲ ನಿಮ್ಮದು ತಾನೆ!

ವರ್ಷದ ನಡುವೆ ಬೆಂಗಳೂರಿಗೆ ಮರಳಿ ಭಾರತದ ನಿವಾಸಿಯಾಗಿಬಿಡುವವರು ನೆನಪಿಡಬೇಕಾದದ್ದು, ಭಾರತ–ಅಮೆರಿಕ ತೆರಿಗೆ ಒಪ್ಪಂದ ಅಮೆರಿಕದ ಕೇಂದ್ರ ಸರ್ಕಾರದ ಆದಾಯ ತೆರಿಗೆಯನ್ನಷ್ಟೇ ಹೇಳುತ್ತದೆ, ಅಲ್ಲಿನ ರಾಜ್ಯಗಳದ್ದನ್ನಲ್ಲ. ಆದರೆ ವಿಪ್ರೋ ಪ್ರಕರಣದಲ್ಲಿ 2015ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟೇ, 1961ರ ಆದಾಯ ತೆರಿಗೆ ಕಾಯ್ದೆಯ 91ನೇ ಕಲಮಿನಡಿ ಅಮೆರಿಕದ ರಾಜ್ಯ ತೆರಿಗೆಗೂ ಭಾರತದಲ್ಲಿ ಕ್ರೆಡಿಟ್ ಸಿಗುತ್ತದೆ ಎಂದಿದೆ. ನಿಮ್ಮ ಲೆಕ್ಕಪರಿಶೋಧಕರಿಗೆ ಈ ತೀರ್ಪನ್ನು ತೋರಿಸಿ ಕೇಳಿ.

ರಿಟರ್ನ್ ಸಲ್ಲಿಸುವಾಗ

ಮೊದಲು ಅನಿವಾಸಿ ರಾಜ್ಯದ್ದು ಮುಗಿಸಬೇಕು, ಆಮೇಲೆ ಮನೆಯ ರಾಜ್ಯದ್ದು. ಮೊದಲನೆಯದರ ಅಂಕಿ ಇಲ್ಲದೆ ಕ್ರೆಡಿಟ್ ಹಾಕಲಾಗದು. ನ್ಯೂಯಾರ್ಕಿನ ಅನಿವಾಸಿ ಅರ್ಜಿ ಐಟಿ-203. ದಿನಗಳ ಲೆಕ್ಕ ಅದರ ಬಿ ಹಾಳೆಯಲ್ಲಿ. ಕ್ರೆಡಿಟ್ ಎಂದರೆ ಕಂಪನಿ ಮುರಿದುಕೊಂಡ ಮೊತ್ತ ಅಲ್ಲ, ಆ ರಾಜ್ಯದ ರಿಟರ್ನಿನಲ್ಲಿ ಅಂತಿಮವಾಗಿ ಬಂದ ತೆರಿಗೆ. ಇದೊಂದನ್ನು ತಪ್ಪು ಮಾಡಿ ನೋಟಿಸು ಪಡೆದವರನ್ನು ನಾನು ಬಲ್ಲೆ. ಸಂಬಳದ ನೌಕರರು ಮನೆಯ ಕಚೇರಿಯ ಖರ್ಚನ್ನು ಕೇಂದ್ರದ ತೆರಿಗೆಯಲ್ಲಿ ಕಳೆಯುವ ಸೌಲಭ್ಯ 2018ರಿಂದ ಇಲ್ಲ, ಹುಡುಕಬೇಡಿ.

ಆದಾಯದ ಪಾಲು ಹಂಚುವವರು ದಿನದ ದಾಖಲೆ ಇಡಲೇಬೇಕು. ಪರಿಶೀಲನೆಗೆ ಬಂದವರು ಕಚೇರಿಯ ಬ್ಯಾಡ್ಜ್ ಉಜ್ಜಿದ ಸಮಯ, ಟೋಲ್ ದಾಟಿದ ಲೆಕ್ಕ, ಮೊಬೈಲ್ ಬಿಲ್ಲು ಎಲ್ಲವನ್ನೂ ಕೇಳಬಹುದು. ನಾನು ದೇವಸ್ಥಾನದವರು ಕೊಡುವ ಗೋಡೆ ಕ್ಯಾಲೆಂಡರಿನಲ್ಲಿ, ಏಕಾದಶಿ ಸಂಕಷ್ಟಿಗಳ ಪಕ್ಕದಲ್ಲಿ, ಕೆಂಪು ಪೆನ್ನಿನಿಂದ ಒಂದು ಅಕ್ಷರ ಬರೆಯುತ್ತೇನೆ. ಮೊದಲ ವರ್ಷ ಮನೆಗೂ ‘ಮ’, ಮ್ಯಾನ್‌ಹ್ಯಾಟನ್‌ಗೂ ‘ಮ’ ಎಂದು ಬರೆದು, ಡಿಸೆಂಬರಿನಲ್ಲಿ ಯಾವುದು ಯಾವುದೆಂದು ತಿಳಿಯದೆ ತಲೆ ಕೆರೆದುಕೊಂಡಿದ್ದೆ. ನ್ಯೂಯಾರ್ಕ್ ತೆರಿಗೆ ಇಲಾಖೆಗೆ ಮಾತ್ರ ಆ ವರ್ಷ ಯಾವ ಗೊಂದಲವೂ ಇರಲಿಲ್ಲ.